ಗ್ರಹಜನಕ ತಟ್ಟೆಗಳ ಧೂಳು: ಧ್ರುವೀಕೃತ ಬೆಳಕಿನ ಅಧ್ಯಯನ

ಎಳೆಯ ನಕ್ಷತ್ರವನ್ನು ಸುತ್ತುವ ತಟ್ಟೆಯಲ್ಲಿ ಧೂಳಿನ ಕಣ ಎಷ್ಟು ಬೆಳೆದಿದೆ ಎಂಬುದಕ್ಕೆ ಬರಿಯ ಹೊಳಪಿಗಿಂತ ಧ್ರುವೀಕರಣ ಬಲವಾದ ಸಾಕ್ಷಿ. ಹೊಳಪಿನ ಅಳತೆಗೆ ಒಂದು ಉದಾಹರಣೆ: ಹೈದರಾಬಾದಿನ ಮಲ್ಕಾಜ್‌ಗಿರಿ ಸಮೀಪದ ಇಸಿಐಎಲ್ ಪ್ರದೇಶದಲ್ಲಿರುವ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಬಲೂನ್ ಕೇಂದ್ರದಿಂದ ಹಾರಿದ 100 ಸೆಂ.ಮೀ. ದೂರದರ್ಶಕ, ನಕ್ಷತ್ರ ಹುಟ್ಟುವ ಮೋಡಗಳ ಧೂಳು ಸೂಸುವ ದೂರ ಅವಕೆಂಪು ಬೆಳಕನ್ನು ಅಳೆಯಿತು. ಅಂಥ ಅಳತೆ ಧೂಳಿನ ಉಷ್ಣತೆಯನ್ನೂ ರಾಶಿಯನ್ನೂ ತಿಳಿಸುತ್ತದೆ; ಕಣದ ಗಾತ್ರವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡದು.

ಧೂಳಿನಿಂದ ಚದುರಿದ ಬೆಳಕಿನ ಧ್ರುವೀಕರಣ ಗಾತ್ರವನ್ನು ಹೇಳುತ್ತದೆ: ತರಂಗಾಂತರದ ಸುಮಾರು ಆರನೇ ಒಂದು ಭಾಗದಷ್ಟಿರುವ ಕಣಗಳಿಂದ ಧ್ರುವೀಕರಣ ಅತಿ ಹೆಚ್ಚು. ವೃಷಭ ರಾಶಿಯ ಎಚ್‌ಎಲ್ ಟಾರಿ ಎಂಬ ಎಳೆಯ ನಕ್ಷತ್ರದ ತಟ್ಟೆಯಲ್ಲಿ ಆಲ್ಮಾ ದೂರದರ್ಶಕ ಜಾಲ 0.87 ಮಿ.ಮೀ.ನಲ್ಲಿ ಕಂಡ ಧ್ರುವೀಕರಣ ತಟ್ಟೆಯ ಕಿರು ಅಕ್ಷಕ್ಕೆ ಸಮಾಂತರವಾಗಿದ್ದು, ಸುಮಾರು 0.1 ಮಿ.ಮೀ. ಕಣಗಳತ್ತ ಬೊಟ್ಟು ಮಾಡುತ್ತದೆ. 3.1 ಮಿ.ಮೀ.ನಲ್ಲಿ ಧ್ರುವೀಕರಣದ ವಿನ್ಯಾಸ ವರ್ತುಲಾಕಾರವಾಗುವುದರಿಂದ ಒಂದೇ ದಿಕ್ಕಿಗೆ ಸಾಲುಗೂಡಿದ ಕಣಗಳೇ ಕಾರಣವೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ತರಂಗಾಂತರದೊಂದಿಗೆ ವಿನ್ಯಾಸ ಹೀಗೆ ಬದಲಾಗುವುದನ್ನು ಸಾಲುಗೂಡುವಿಕೆಯೊಂದೇ ವಿವರಿಸಲಾರದು.