ರುಮಾಲೆ ಚೆನ್ನಬಸವಯ್ಯ

ರುಮಾಲೆ ಚೆನ್ನಬಸವಯ್ಯ (1910–1988): ಕರ್ನಾಟಕದ ಪ್ರಮುಖ ನಿಸರ್ಗದೃಶ್ಯ ಚಿತ್ರಕಾರ, ಸ್ವಾತಂತ್ರ್ಯ ಹೋರಾಟಗಾರ. ಹುಟ್ಟಿದ್ದು ದೊಡ್ಡಬಳ್ಳಾಪುರದಲ್ಲಿ.

ಹಿನ್ನೆಲೆ: ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರ ಕಲಾಮಂದಿರದಲ್ಲಿಯೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಕಲೆ ಕಲಿತರು. ಗಾಂಧೀಜಿಯವರ ಪ್ರಭಾವದಿಂದ ಚಳವಳಿಗೆ ಇಳಿದು ಸೆರೆವಾಸ ಅನುಭವಿಸಿದರು. ‘ತಾಯಿನಾಡು’ ಪತ್ರಿಕೆಯ ಹೊಣೆ ಹೊತ್ತರು, ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. ದೀರ್ಘಕಾಲ ದೂರವಿಟ್ಟಿದ್ದ ಕುಂಚವನ್ನು 1960ರ ದಶಕದಲ್ಲಿ ಮತ್ತೆ ಹಿಡಿದು, ಉಳಿದ ಬದುಕನ್ನು ಚಿತ್ರಕಲೆಗೇ ಮೀಸಲಿಟ್ಟರು.

ಶೈಲಿ: 1874ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ಕಂಡ ಇಂಪ್ರೆಷನಿಸ್ಟ್ ಪಂಥದವರಂತೆ ಇವರೂ ಬಯಲಿನಲ್ಲೇ, ದೃಶ್ಯದ ಎದುರು ನಿಂತು ಚಿತ್ರಿಸುತ್ತಿದ್ದರು. ಜಲವರ್ಣ ಮತ್ತು ತೈಲವರ್ಣ ಎರಡರಲ್ಲೂ ಪಳಗಿದ ಕೈ. ಬಿಡಿಬಿಡಿಯಾದ ಚುರುಕು ಕುಂಚಸ್ಪರ್ಶ, ಹೊಳೆಯುವ ಶುದ್ಧ ಬಣ್ಣ, ಬಿಸಿಲು-ನೆರಳಿನ ಆಟ ಇವರ ಕೃತಿಗಳ ಲಕ್ಷಣಗಳು. ಉಜ್ಜ್ವಲ ವರ್ಣಗಳ ಕಾರಣ ವ್ಯಾನ್ ಗೋ ಜೊತೆ ಹೋಲಿಸುವುದುಂಟು. ಆದರೆ ಇವರ ಬೆಳಕು ಅಪ್ಪಟ ದಖನ್ನಿನದು. ಬೆಂಗಳೂರಿನ ಗುಲ್‌ಮೊಹರ್, ಜಕರಂಡ ಮರಗಳ ಹೂಬಿಡುವ ಕಾಲವನ್ನು ಇಷ್ಟು ಅಕ್ಕರೆಯಿಂದ ದಾಖಲಿಸಿದ ಕಲಾವಿದರು ವಿರಳ. ನಗರದ ಉದ್ಯಾನಗಳು, ಹಂಪಿ ಮತ್ತು ಹಿಮಾಲಯದ ದೃಶ್ಯಗಳೂ ಇವರ ವಸ್ತುಗಳು.

ಸಂಗ್ರಹ: ಇವರ ಅನೇಕ ಕೃತಿಗಳನ್ನು ಬೆಂಗಳೂರಿನ ರಾಜಾಜಿನಗರದ ರುಮಾಲೆ ಹೌಸ್‌ನಲ್ಲಿ ಕಾಪಾಡಲಾಗಿದೆ.