ಕಣ್ಣು ಮುಚ್ಚಲು ಕಲಿತ ಕಂಪ್ಯೂಟರ್

ಕಣ್ಣಾಮುಚ್ಚಾಲೆಯಲ್ಲಿ ಹುಡುಕುವವನು ಮೊದಲು ಕಣ್ಣು ಮುಚ್ಚಬೇಕು. ಬೆರಳ ಸಂದಿಯಿಂದ ನೋಡಿದನೋ, ಆಟ ಕೆಟ್ಟಿತು. ವಿಡಿಯೊ ಗೇಮ್ ರಚಿಸುವವರನ್ನು ನಾಲ್ಕು ದಶಕಗಳಿಂದ ಕಾಡಿರುವ ಸಮಸ್ಯೆಯೂ ಇದೇ. ಆಟಗಾರ ಯಾವ ಗೋಡೆಯ ಹಿಂದಿದ್ದಾನೆಂಬುದು ಕಂಪ್ಯೂಟರ್‌ಗೆ ಸದಾ ಗೊತ್ತು. ಆ ಗೋಡೆಯನ್ನು ಚಿತ್ರಿಸಿದ್ದೇ ಅದು. ಹಾಗಾಗಿ ಅದು ನಡೆಸುವ ಶತ್ರುವಿಗೆ ನೋಡುವುದನ್ನಲ್ಲ, ನೋಡದಿರುವುದನ್ನು ಕಲಿಸಬೇಕು.

ಅಮೆರಿಕದ ಸೈಲಸ್ ವಾರ್ನರ್ 1981ರಲ್ಲಿ ಆ್ಯಪಲ್ 2 ಕಂಪ್ಯೂಟರ್‌ಗಾಗಿ ರಚಿಸಿದ ‘ಕ್ಯಾಸಲ್ ವುಲ್ಫೆನ್‌ಸ್ಟೈನ್’ ಈ ಬಗೆಯ ಮೊದಮೊದಲ ಆಟಗಳಲ್ಲೊಂದು. ಅದರಲ್ಲಿ ನಾಜಿಗಳ ಕೋಟೆಯ ಕೈದಿ ಶತ್ರುವಿನ ಸಮವಸ್ತ್ರ ತೊಟ್ಟರೆ ಸಾಮಾನ್ಯ ಕಾವಲುಗಾರರು ಮೋಸಹೋಗುತ್ತಿದ್ದರು. 1987ರಲ್ಲಿ ಜಪಾನಿನ ಹಿದೆಯೊ ಕೊಜಿಮಾ ‘ಮೆಟಲ್ ಗಿಯರ್’ ರೂಪಿಸಿದರು. ಎಂಎಸ್‌ಎಕ್ಸ್ 2 ಎಂಬ ಅಂದಿನ ಕಂಪ್ಯೂಟರ್‌ಗೆ ಹೆಚ್ಚು ಸೈನಿಕರನ್ನೂ ಗುಂಡುಗಳನ್ನೂ ಒಟ್ಟಿಗೆ ತೆರೆಯ ಮೇಲೆ ಓಡಿಸುವ ಶಕ್ತಿಯಿರಲಿಲ್ಲ. ಕಾದಾಟ ಕಷ್ಟವೆಂದಾದಾಗ ಅವರು ಅಡಗುವುದನ್ನೇ ಆಟವಾಗಿಸಿದರು. ಅಲ್ಲಿನ ಕಾವಲುಗಾರ ಮೂಗಿನ ನೇರಕ್ಕೆ ಮಾತ್ರ ನೋಡುತ್ತಿದ್ದ. 1990ರ ಎರಡನೆಯ ಭಾಗದಲ್ಲಿ ಅವನ ನೋಟ 45 ಡಿಗ್ರಿಗೆ ಹರಡಿತು, ಕಿವಿಯೂ ಬಂತು.

1998ರ ‘ಥೀಫ್: ದ ಡಾರ್ಕ್ ಪ್ರಾಜೆಕ್ಟ್’ ಈ ವಿದ್ಯೆಯನ್ನು ಮಾಗಿಸಿತು. ಅಲ್ಲಿ ಕತ್ತಲಲ್ಲಿ ನಿಂತವನು ಸುಲಭವಾಗಿ ಕಾಣುವುದಿಲ್ಲ. ಜಮಖಾನೆಯ ಮೇಲೆ ನಡೆದರೆ ಹೆಜ್ಜೆ ಕೇಳಿಸದು, ಕಲ್ಲುಹಾಸಿನ ಮೇಲೆ ಕೇಳಿಸುತ್ತದೆ. ಕಾವಲುಗಾರನೂ ಒಮ್ಮೆಲೇ ಮೇಲೆರಗುವುದಿಲ್ಲ: ಮೊದಲು ಅನುಮಾನ, ಆಮೇಲೆ ಹುಡುಕಾಟ, ಕೊನೆಗೆ ದಾಳಿ.

ಇಂಥ ಆಟಗಳ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ದೂರವನ್ನು ಅಳೆಯುವುದು; ಮಿತಿಯೊಳಗಿದ್ದರೆ ನೋಟದ ಕೋನವನ್ನು ನೋಡುವುದು; ಅದರೊಳಗೂ ಇದ್ದರೆ ಕಾವಲುಗಾರನ ಕಣ್ಣಿನಿಂದ ಆಟಗಾರನವರೆಗೆ ಕಾಣದ ಗೆರೆ ಎಳೆದು, ನಡುವೆ ಗೋಡೆ ಉಂಟೇ ಎಂದು ಪರೀಕ್ಷಿಸುವುದು. ಈ ಕೊನೆಯ ಪರೀಕ್ಷೆ ಯಂತ್ರಕ್ಕೆ ಹೆಚ್ಚು ಶ್ರಮದ್ದು. ದೂರದವರನ್ನು ಮೊದಲೇ ಕೈಬಿಟ್ಟರೆ ಅಷ್ಟು ಉಳಿತಾಯ.

ಕೋಣೆ, ಓಣಿಗಳ ಆಟದಲ್ಲಿ ಈ ಉಳಿತಾಯ ಗಮನಕ್ಕೆ ಬರಲಿಲ್ಲ. 2004ರಲ್ಲಿ ಜರ್ಮನಿಯ ಕ್ರೈಟೆಕ್ ಸಂಸ್ಥೆ ‘ಫಾರ್ ಕ್ರೈ’ ಆಟದಲ್ಲಿ ವಿಶಾಲ ದ್ವೀಪಗಳನ್ನು ತೆರೆದಿಟ್ಟಿತು. ಮುಂದೆ ‘ಓಪನ್ ವರ್ಲ್ಡ್’ ಆಟಗಳು ಹೆಚ್ಚಿದಂತೆ ಸ್ನೈಪರ್‌ಗೂ, ಅಂದರೆ ದೂರದಲ್ಲಿ ಅಡಗಿ ಗುರಿಯಿಡುವವನಿಗೂ, ಮೈದಾನ ಸಿಕ್ಕಿತು. ಈ ಪದದ ಬೇರು ನಮ್ಮ ದೇಶದಲ್ಲೇ ಇದೆ. 18ನೆಯ ಶತಮಾನದ ಕೊನೆಯಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು, ಅಂಕುಡೊಂಕಾಗಿ ಹಾರುವ ಸ್ನೈಪ್ ಎಂಬ ಜೌಗುಹಕ್ಕಿಯ ಬೇಟೆಗೆ ಕೊಟ್ಟ ಹೆಸರಿನಿಂದ ಅದು ಬಂದಿದೆ.

ತೊಡಕು ಕಾಣಿಸಿದ್ದು ಇಲ್ಲೇ. ಕಾವಲುಗಾರನ ನೋಟದ ಮಿತಿ ನೂರು ಮೀಟರ್ ಎಂದಿಟ್ಟುಕೊಳ್ಳೋಣ. ದುರ್ಬೀನು ಜೋಡಿಸಿದ ಬಂದೂಕು ಹಿಡಿದ ಆಟಗಾರ ಇನ್ನೂರು ಮೀಟರ್ ಆಚೆ ಮಲಗಿದ್ದಾನೆ. ಗುಂಡು ತಗುಲಿ ಪಕ್ಕದವನು ಉರುಳಿದರೂ ಇವನು ಗೊಂಬೆಯಂತೆ ನಿಂತೇ ಇರಬಹುದು. ಮಿತಿಯನ್ನು ಹಿಗ್ಗಿಸಿದರೆ ಅನ್ಯಾಯ ಇನ್ನೊಂದು ಕಡೆಗೆ: ಹುಲ್ಲನ್ನು ಮರೆಯೆಂದು ಲೆಕ್ಕಕ್ಕೆ ಹಿಡಿಯದಿದ್ದರೆ, ಎದೆಮಟ್ಟದ ಹುಲ್ಲಿನಲ್ಲಿ ಅಡಗಿದವನೂ ದೂರದ ಗುಡ್ಡದಿಂದ ಕಂಡುಬಿಡುತ್ತಾನೆ.

ಕಣ್ಣಿನ ಶಕ್ತಿಯನ್ನು ಹೆಚ್ಚಿಸಿದ ಮಾತ್ರಕ್ಕೆ ಇದು ಬಗೆಹರಿಯುವುದಿಲ್ಲ. 2012ರ ‘ಫಾರ್ ಕ್ರೈ 3’ ಯಾವ ದಿಕ್ಕಿನಿಂದ ಅನುಮಾನ ಏರುತ್ತಿದೆಯೆಂದು ತೆರೆಯ ಮೇಲೆ ತೋರಿಸಿ, ಮರೆಗೆ ಸರಿಯಲು ಆಟಗಾರನಿಗೆ ಅವಕಾಶ ಕೊಟ್ಟಿತು. 2015ರ ‘ಮೆಟಲ್ ಗಿಯರ್ ಸಾಲಿಡ್ 5’ರ ಅಫ್ಘಾನಿಸ್ತಾನದಲ್ಲಿ ಸೈನಿಕರು ಹೆಣ ಕಂಡರೆ ಎಚ್ಚೆತ್ತು ಹುಡುಕುತ್ತಾರೆ. ಆಟಗಾರ ಪದೇ ಪದೇ ತಲೆಗೇ ಗುರಿಯಿಟ್ಟರೆ ಮುಂದೆ ಹೆಲ್ಮೆಟ್ ಧರಿಸಿ ಬರುತ್ತಾರೆ; ರಾತ್ರಿಯೇ ದಾಳಿ ಮಾಡಿದರೆ ಇರುಳಲ್ಲಿ ಕಾಣುವ ಕನ್ನಡಕ ಹಾಕುತ್ತಾರೆ. ಎಲ್ಲವನ್ನೂ ಬಲ್ಲ ಯಂತ್ರ ಇಲ್ಲಿ ಮನುಷ್ಯರಂತೆ ಪೆಟ್ಟು ತಿಂದು ಕಲಿತಂತೆ ನಟಿಸುತ್ತದೆ.

ಈ ನಟನೆ ಬೇಕೇ ಬೇಕು. ಸೋತವನು ‘ತಪ್ಪು ನನ್ನದೇ’ ಎಂದುಕೊಂಡರೆ ಮತ್ತೆ ಆಡುತ್ತಾನೆ. ‘ಇವನು ಕಣ್ಣು ಬಿಟ್ಟು ನೋಡಿದ’ ಎನಿಸಿತೆಂದರೆ, ಅಂಗಳದ ಮಕ್ಕಳಂತೆ ಆಟ ಬಿಟ್ಟು ಎದ್ದುಹೋಗುತ್ತಾನೆ.