ಶಾಸನಗಳ ನೆಲದಲ್ಲಿ ನೆಲಮೂಲದ ಸಮುದಾಯಗಳ ಚರಿತ್ರೆ: ಶಿಕಾರಿಪುರ–ಸೊರಬ ಪರಿಸರದ ಒಂದು ಅವಲೋಕನ

ಕರ್ನಾಟಕದ ಶಾಸನಸಂಪತ್ತಿನಲ್ಲಿ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿಗೆ ವಿಶಿಷ್ಟ ಸ್ಥಾನವಿದೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟವು (1902) ಶಿಕಾರಿಪುರದ ಶಾಸನಗಳನ್ನೂ, 8ನೆಯ ಸಂಪುಟವು (1904) ಸೊರಬದ ಶಾಸನಗಳನ್ನೂ ಒಳಗೊಂಡಿವೆ. ಕದಂಬರಿಂದ ಮೊದಲ್ಗೊಂಡು ಈ ಭಾಗದ ರಾಜಕೀಯ ಚರಿತ್ರೆಯನ್ನು ಇವುಗಳ ಆಧಾರದಿಂದಲೇ ಕಟ್ಟಲಾಗಿದೆ. ಆದರೆ ಈ ನೆಲವನ್ನು ಉತ್ತು ಬಿತ್ತಿದ ಸಮುದಾಯಗಳ ಚರಿತ್ರೆಗೆ ಇವು ಎಷ್ಟರಮಟ್ಟಿಗೆ ಆಕರಗಳಾಗಬಲ್ಲವು ಎಂಬುದು ವಿಚಾರಾರ್ಹ.

ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಪ್ರಾಕೃತ ಸ್ತಂಭಶಾಸನವು ಚುಟುಕುಲದ ಅರಸನೂ, ಆನಂತರ ಕದಂಬ ಅರಸನೂ ನೀಡಿದ ದಾನವನ್ನು ದಾಖಲಿಸುತ್ತದೆ. ತಾಳಗುಂದದ ಸ್ತಂಭಶಾಸನವು ಮಯೂರಶರ್ಮನ ಏಳಿಗೆಯನ್ನೂ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯನ್ನೂ ಹೇಳುತ್ತದೆ. ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ತಾಳಗುಂದದಲ್ಲಿ ನೆಲೆಗೊಳಿಸಿದ ಐತಿಹ್ಯ ನಂತರದ ಶಾಸನದಲ್ಲಿ ಬರುತ್ತದೆ. ಹೀಗೆ ಕೊಟ್ಟವರು, ಪಡೆದವರು, ಬಂದು ನೆಲೆಸಿದವರು ಕಲ್ಲಿನ ಮೇಲೆ ಉಳಿದರು. ಮೊದಲೇ ಇದ್ದು ದುಡಿದವರು ಬಹುಮಟ್ಟಿಗೆ ಉಳಿಯಲಿಲ್ಲ. ತುರುಗೋಳಿನಲ್ಲಿ, ಊರಳಿವಿನಲ್ಲಿ ಮಡಿದವರ ವೀರಗಲ್ಲುಗಳು ಮಾತ್ರ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ.

ಬರಹದಲ್ಲಿ ಸಿಗದ ಚರಿತ್ರೆ ಆಚರಣೆಗಳಲ್ಲಿ ಉಳಿದಿದೆ. ಸೊರಬ–ಸಾಗರ ಭಾಗದ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಆಶ್ವಯುಜದ ಭೂಮಿ ಹುಣ್ಣಿಮೆಯಂದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗಿ, ಫಲ ಕಟ್ಟಿದ ಭೂಮಿಯನ್ನು ಬಸುರಿಯೆಂದು ಪೂಜಿಸುತ್ತಾರೆ. ದಾನಶಾಸನಗಳಲ್ಲಿ ಭೂಮಿ ಕೊಡುವ ವಸ್ತು. ಇಲ್ಲಿ ಅದು ಬಯಕೆ ತೀರಿಸಬೇಕಾದ ತಾಯಿ.

ಈ ಎರಡು ದೃಷ್ಟಿಗಳ ನಡುವಿನ ಅಂತರ ಗೇಣಿ ಪದ್ಧತಿಯಲ್ಲಿ ಸಂಘರ್ಷವಾಯಿತು. ಗೇಣಿ ಭತ್ತವನ್ನು ಅಳೆಯುವ ಕೊಳಗದ ಪ್ರಶ್ನೆಯಿಂದ ಹುಟ್ಟಿದ ಕಾಗೋಡು ಸತ್ಯಾಗ್ರಹ 1951ರ ಏಪ್ರಿಲ್‌ನಲ್ಲಿ ನೆರೆಯ ಸಾಗರ ತಾಲ್ಲೂಕಿನಲ್ಲಿ ಆರಂಭವಾಯಿತು. ಎಚ್. ಗಣಪತಿಯಪ್ಪನವರು ಒಕ್ಕಲುಗಳನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಅವರು ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ, ಉಳುವವರಿಗೆ ಹಕ್ಕಿನ ದಾರಿ ತೆರೆಯಿತು. ಆದರೆ ಗೇಣಿಯ ಹಕ್ಕೇ ಇಲ್ಲದೆ ಕೂಲಿಯಾಗಿ ದುಡಿದವರಿಗೂ, ಕಾಡಂಚಿನಲ್ಲಿ ಬದುಕಿದ ಮಲೆನಾಡಿನ ಹಸಲರಂತಹ ಬುಡಕಟ್ಟುಗಳಿಗೂ ಈ ದಾರಿ ಸಾಲದಾಯಿತು.

2006ರ ಅರಣ್ಯ ಹಕ್ಕು ಕಾಯ್ದೆಯು ಚರಿತ್ರೆಯನ್ನೇ ಸಾಕ್ಷ್ಯವಾಗಿ ಕೇಳಿತು. 2005ರ ಡಿಸೆಂಬರ್ 13ಕ್ಕೆ ಮುಂಚಿನ ಅನುಭೋಗವನ್ನು ಪರಿಶಿಷ್ಟ ಬುಡಕಟ್ಟಿನವರು ತೋರಿಸಬೇಕು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಕಾಗದವಿಲ್ಲದವರಿಗೆ ಇದು ಕಠಿಣ ಷರತ್ತು. ಆದರೆ 2008ರ ನಿಯಮಗಳು ಬಾವಿ, ಸ್ಮಶಾನ, ದೇವರ ಸ್ಥಳ, ವಂಶಾವಳಿ ಹಾಗೂ ಲಿಖಿತಕ್ಕಿಳಿಸಿದ ಹಿರಿಯರ ಹೇಳಿಕೆಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಕ್ಲೇಮಿನ ಪರಿಶೀಲನೆ ಗ್ರಾಮಸಭೆಯಿಂದಲೇ ಆರಂಭವಾಗುವುದರಿಂದ, ಊರು ತನ್ನ ಚರಿತ್ರೆಯನ್ನು ತಾನೇ ಕೇಳಿ ಬರೆದುಕೊಳ್ಳುವ ವೇದಿಕೆ ಅದಾಗಿದೆ. ಅಜ್ಜಿಯೊಬ್ಬಳು ನೆನಪಿಟ್ಟುಕೊಂಡ ಚೌಡಿಬನದ ಗುರುತು ಅಲ್ಲಿ ಶಾಸನದಷ್ಟೇ ಬೆಲೆಯುಳ್ಳದ್ದು.

ಭೂಮಿಯ ಹಕ್ಕು ಸಿಕ್ಕಮಾತ್ರಕ್ಕೆ ಹಳೆಯ ಒಡೆಯ–ಒಕ್ಕಲು ಸಂಬಂಧದ ಗಾಯ ಮಾಯುವುದಿಲ್ಲ. ಪರಸ್ಪರರ ಗತಕಾಲವನ್ನು ಅರಿಯುವುದೇ ಸೌಹಾರ್ದದ ಮೊದಲ ಹೆಜ್ಜೆ. ತಾಳಗುಂದದ ಕಂಬವನ್ನು ನೋಡಲು ಹೋಗುವ ಶಾಲೆಯ ಮಕ್ಕಳು ಪಕ್ಕದ ಕೇರಿಯ ಹಸೆಗೋಡೆಯನ್ನೂ ಚರಿತ್ರೆಯ ಆಕರವೆಂದು ಓದಲು ಕಲಿಯಬೇಕು. ಹಿರಿಯರ ಹೇಳಿಕೆಗಳನ್ನು ಊರೂರಿನಲ್ಲಿ ಸಂಗ್ರಹಿಸುವ ಕಾರ್ಯ ತ್ವರಿತವಾಗಿ ನಡೆಯಬೇಕು. ಕಲ್ಲು ಕಾಯುತ್ತದೆ, ನೆನಪು ಕಾಯುವುದಿಲ್ಲ.